ಮುರಬ್ಬದ ಪಾಕಕ್ಕೊಂದು ಥರ್ಮಾಮೀಟರ್: ಕೊಳ್ಳಬಹುದು, ಕೈಪಿಡಿಯನ್ನು ಮಾತ್ರ ನಂಬಬಾರದು

ಮನೆಯಲ್ಲೇ ಜಾಮ್, ಮಾರ್ಮಲೇಡ್ ಮಾಡಿ ಅದನ್ನು ಡಿಸೆಂಬರಿನ ಕೇಕಿಗೂ ಬಿಸ್ಕತ್ತಿಗೂ ಬಳಸುವವರು ಡಿಜಿಟಲ್ ಅಡುಗೆ ಥರ್ಮಾಮೀಟರ್ ಕೊಳ್ಳಬೇಕೇ ಎಂದು ಕೇಳಿದರೆ ನನ್ನ ಉತ್ತರ ಹೌದು ಎಂದೇ. ಆದರೆ ಅದರ ಪೆಟ್ಟಿಗೆಯಲ್ಲಿ ಮಡಚಿಟ್ಟಿರುವ ಕೈಪಿಡಿಯ ಅಂಕಿಯನ್ನು ಬೆಂಗಳೂರಿನಲ್ಲಾಗಲಿ ಮಡಿಕೇರಿಯಲ್ಲಾಗಲಿ ಹಾಗೆಯೇ ಪಾಲಿಸಿದರೆ ಒಳ್ಳೆಯ ಹಣ್ಣೂ ಸಕ್ಕರೆಯೂ ಹಾಳಾಗುತ್ತವೆ. ಈ ವಿಮರ್ಶೆಯ ಹೆಚ್ಚಿನ ಭಾಗ ಆ ಒಂದು ಅಂಕಿಯ ಸುತ್ತಲೇ ಇದೆ, ಏಕೆಂದರೆ ಉಪಕರಣದ ಉಳಿದ ಗುಣದೋಷಗಳನ್ನು ಕೊಂಡ ಮೊದಲ ದಿನವೇ ಯಾರು ಬೇಕಾದರೂ ತಿಳಿದುಕೊಳ್ಳಬಹುದು.

ನಾನು ಬಳಸುತ್ತಿರುವುದು ಮಡಚುವ ಬಗೆಯದು. ಪೆನ್ನಿನಷ್ಟು ಉದ್ದದ ಸ್ಟೀಲ್ ಕಡ್ಡಿ, ಅದರ ಬುಡಕ್ಕೆ ಪ್ಲಾಸ್ಟಿಕ್ ಹಿಡಿ, ಹಿಡಿಯ ಮೇಲೆ ದೊಡ್ಡ ಅಂಕಿಗಳು ಮೂಡುವ ಸಣ್ಣ ಪರದೆ. ಕಡ್ಡಿಯನ್ನು ಬಿಚ್ಚಿದೊಡನೆ ಪರದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಮಡಚಿದರೆ ಆರುತ್ತದೆ. ಮೈನಸ್ 50ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ತೋರಿಸುತ್ತದೆಂದು ಪೆಟ್ಟಿಗೆಯ ಮೇಲೆ ಬರೆದಿದೆ. ಬೆಲೆ ₹700ರ ಆಸುಪಾಸು. ಇದೇ ಅಚ್ಚಿನಂಥ ಥರ್ಮಾಮೀಟರುಗಳು ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುತ್ತಿರುವುದರಿಂದ ಬ್ರ್ಯಾಂಡಿನ ಹೆಸರು ಹೇಳಿದರೂ ಓದುಗರಿಗೆ ಹೆಚ್ಚು ಉಪಯೋಗವಾಗಲಾರದು. ಈ ಬಗೆಯ ವಸ್ತುವಿನಲ್ಲಿ ಏನನ್ನು ನೋಡಿ ಕೊಳ್ಳಬೇಕು, ಕೊಂಡ ಮೇಲೆ ಏನನ್ನು ಮೊದಲು ಪರೀಕ್ಷಿಸಬೇಕು ಎಂಬುದೇ ಮುಖ್ಯ.

ಮೊದಲಿಗೆ, ಇದರ ಅಗತ್ಯವಾದರೂ ಏನು? ಬ್ರೆಡ್ಡಿಗೆ ಸವರಿಕೊಳ್ಳುವ ಜಾಮ್ ಸ್ವಲ್ಪ ನೀರಾದರೆ ಯಾರೂ ತಕರಾರು ಮಾಡುವುದಿಲ್ಲ. ಓವನ್ನಿಗೆ ಹೋಗುವ ಜಾಮಿನ ಕಥೆ ಬೇರೆ. ಬಿಸ್ಕತ್ತಿನ ನಡುವೆ ಬೆರಳಿನಿಂದ ಗುಳಿ ಒತ್ತಿ ಜಾಮ್ ತುಂಬಿ ಬೇಯಿಸುವಾಗ, ಅದರಲ್ಲಿ ನೀರಿನ ಅಂಶ ಹೆಚ್ಚಾಗಿದ್ದರೆ ಜಾಮ್ ಮತ್ತೆ ಕುದಿಯಲು ತೊಡಗಿ, ಅಂಚು ಮೀರಿ ಹರಿದು, ತಟ್ಟೆಗೆ ಅಂಟಿ ಕರಕಲಾಗುತ್ತದೆ. ಕೇಕಿನ ಹಿಟ್ಟಿಗೆ ಬೆರೆಸಿದ ಮಾರ್ಮಲೇಡ್, ಅಂದರೆ ಕಿತ್ತಳೆ ಸಿಪ್ಪೆ ಸೇರಿಸಿ ಮಾಡಿದ ಜಾಮ್, ತೆಳ್ಳಗಿದ್ದರೆ ಸಿಪ್ಪೆಯ ಚೂರುಗಳೆಲ್ಲ ತಳ ಸೇರಿ, ಕೇಕಿನ ಬುಡದಲ್ಲಿ ಒದ್ದೆಯಾದ ಪದರವೊಂದು ಉಳಿದುಬಿಡುತ್ತದೆ. ಹದ ಮೀರಿ ಗಟ್ಟಿಯಾದರೆ ಅದು ಹಿಟ್ಟಿನಲ್ಲಿ ಬೆರೆಯದೆ ಬೆಲ್ಲದಚ್ಚಿನ ಚೂರಿನಂತೆ ಅಲ್ಲಲ್ಲೇ ನಿಲ್ಲುತ್ತದೆ. ಹೀಗಾಗಿ ಬೇಕಿಂಗಿಗಾಗಿ ಮಾಡುವ ಜಾಮಿಗೆ ಹದದ ಅವಕಾಶ ಬಹಳ ಕಿರಿದು, ಮತ್ತು ಆ ಹದ ಪ್ರತಿ ಸಲವೂ ಒಂದೇ ಆಗಿರಬೇಕು.

ಪಾಕದ ಹದ ನೋಡುವುದು ನಮಗೆ ಹೊಸದಲ್ಲ. ಒಂದೆಳೆ, ಎರಡೆಳೆ, ಉಂಡೆ ಪಾಕ ಎಂದು ಹೆಬ್ಬೆರಳು ತೋರುಬೆರಳುಗಳ ನಡುವೆಯೇ ಅಳೆಯುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದರು. ನಮ್ಮತ್ತೆಯವರು ಈಗಲೂ ಥರ್ಮಾಮೀಟರನ್ನು ಕಂಡರೆ ಜ್ವರ ಯಾರಿಗೆ ಎಂದು ಕೇಳುತ್ತಾರೆ. ಆದರೆ ಆ ಬೆರಳಿನ ಲೆಕ್ಕ ಬರೀ ಸಕ್ಕರೆ ನೀರಿನ ಪಾಕಕ್ಕೆ ಸರಿ. ಹಣ್ಣಿನ ತಿರುಳೂ ಪೆಕ್ಟಿನ್ ಎಂಬ ಹಣ್ಣಿನದೇ ಅಂಟೂ ಬೆರೆತ ಮಿಶ್ರಣ, ಸಕ್ಕರೆ ಇನ್ನೂ ಸಾಲದಿರುವಾಗಲೇ ಬೆರಳಿಗೆ ಅಂಟಿ ಎಳೆ ಬಿಟ್ಟಂತೆ ತೋರಿಸಿ ಮೋಸ ಮಾಡುತ್ತದೆ. ಜೊತೆಗೆ ಬಿಸಿ ಜಾಮ್ ಬೆರಳಿಗೆ ಕಚ್ಚಿಕೊಂಡು ಸುಡುವ ರೀತಿ ಬಿಸಿ ನೀರಿಗಿಂತ ಬಹಳ ಕೆಟ್ಟದ್ದು.

ಜಾಮ್ ಗಟ್ಟಿಯಾಗುವುದು ಪೆಕ್ಟಿನ್, ಹುಳಿ, ಸಕ್ಕರೆ ಈ ಮೂರೂ ಸರಿಯಾದ ಪ್ರಮಾಣದಲ್ಲಿ ಒಟ್ಟಾದಾಗ. ಪೆಕ್ಟಿನ್ ಹಣ್ಣಿನಲ್ಲೇ ಇರುತ್ತದೆ: ಸೀಬೆ, ಬೇಲ, ಸೇಬು, ನಿಂಬೆಜಾತಿಯ ಸಿಪ್ಪೆಯ ಬಿಳಿ ಭಾಗ ಮತ್ತು ಬೀಜಗಳಲ್ಲಿ ಹೆಚ್ಚು, ಅನಾನಸ್, ಸ್ಟ್ರಾಬೆರಿ, ಚೆನ್ನಾಗಿ ಕಳಿತ ಮಾವುಗಳಲ್ಲಿ ಕಡಿಮೆ. ಹುಳಿಯನ್ನು ನಿಂಬೆರಸದಿಂದ ಸರಿಪಡಿಸಬಹುದು. ಸಕ್ಕರೆಯ ಪ್ರಮಾಣವೇ ಕುದಿಸುತ್ತ ಹೋದಂತೆ ನಿಮಿಷ ನಿಮಿಷಕ್ಕೂ ಬದಲಾಗುವ ಅಂಶ, ಏಕೆಂದರೆ ನೀರು ಆವಿಯಾಗುತ್ತಿದ್ದಂತೆ ಅದು ಏರುತ್ತದೆ. ನಮ್ಮ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಮಾರಾಟದ ಜಾಮಿನಲ್ಲಿ ಕರಗಿದ ಘನಾಂಶ (ಇದರಲ್ಲಿ ಬಹುಪಾಲು ಸಕ್ಕರೆಯೇ) ಶೇ. 65ಕ್ಕಿಂತ ಕಡಿಮೆ ಇರಕೂಡದು. ಮನೆಯ ಜಾಮಿಗೆ ನಿಯಮ ಅನ್ವಯಿಸದಿದ್ದರೂ ಆ ಅಂಕಿಯ ಹಿಂದಿನ ತರ್ಕ ಅನ್ವಯಿಸುತ್ತದೆ: ಅಷ್ಟು ಸಕ್ಕರೆ ಇದ್ದರೆ ಪೆಕ್ಟಿನ್ ಬಲೆಯಂತೆ ಹೆಣೆದುಕೊಳ್ಳುತ್ತದೆ, ಬೂಷ್ಟು ಬೆಳೆಯಲು ಬೇಕಾದ ನೀರೂ ಸಿಗುವುದಿಲ್ಲ.

ಸಕ್ಕರೆಯ ಪ್ರಮಾಣವನ್ನು ಥರ್ಮಾಮೀಟರ್ ನೇರವಾಗಿ ಅಳೆಯುವುದಿಲ್ಲ; ಅದು ಅಳೆಯುವುದು ಕುದಿಯುವ ಉಷ್ಣತೆಯನ್ನು. ನೀರಿನಲ್ಲಿ ಸಕ್ಕರೆ ಹೆಚ್ಚಿದಂತೆ ಅದು ಕುದಿಯುವ ಬಿಂದುವೂ ಮೇಲೇರುತ್ತದೆ, ಮತ್ತು ಜಾಮಿನ ಹದಕ್ಕೆ ಬರುವ ಹೊತ್ತಿಗೆ ಬರೀ ನೀರು ಕುದಿಯುವುದಕ್ಕಿಂತ ಸುಮಾರು ನಾಲ್ಕೂವರೆ ಡಿಗ್ರಿ ಹೆಚ್ಚಿರುತ್ತದೆ. ನೀರು 100 ಡಿಗ್ರಿಯಲ್ಲಿ ಕುದಿಯುವ ಊರಿನಲ್ಲಿ ಅದು 104.5 ಆಗುತ್ತದೆ. ಕೈಪಿಡಿಯಲ್ಲಿ ಅಚ್ಚಾಗಿರುವ ‘ಜಾಮ್: 105 ಡಿಗ್ರಿ’ ಎಂಬ ಸಾಲು ಬಂದದ್ದು ಇಲ್ಲಿಂದಲೇ. ಅದು ಸಮುದ್ರಮಟ್ಟದ ಲೆಕ್ಕ. ಮಂಗಳೂರಿನವರು ಅದನ್ನು ಧೈರ್ಯವಾಗಿ ಪಾಲಿಸಬಹುದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಪ್ರತಿ 300 ಮೀಟರ್ ಏರಿಕೆಗೆ ಸುಮಾರು ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುವುದರಿಂದ ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ಇಲ್ಲಿ ಜಾಮಿನ ಹದ 101.5 ಡಿಗ್ರಿ. ಮಡಿಕೇರಿಯಲ್ಲಿ ಅದಕ್ಕಿಂತಲೂ ಒಂದಿಷ್ಟು ಕಡಿಮೆ.

ಮೂರು ಮೂರೂವರೆ ಡಿಗ್ರಿ ಏನು ಮಹಾ ಎನಿಸಬಹುದು. ಬೆಂಗಳೂರಿನಲ್ಲಿ 105 ಬರುವವರೆಗೆ ಕುದಿಸುತ್ತ ಹೋದರೆ ನೀರಿನ ಕುದಿಬಿಂದುವಿಗಿಂತ ಎಂಟು ಡಿಗ್ರಿ ಮೇಲೆ ಹೋದಂತಾಯಿತು. ಅಷ್ಟರಲ್ಲಿ ಪಾತ್ರೆಯಲ್ಲಿರುವ ಸಕ್ಕರೆ ಶೇ. 75ರ ಹತ್ತಿರ ತಲುಪಿರುತ್ತದೆ. ಅದು ಜಾಮ್ ಅಲ್ಲ, ಚಾಕುವಿಗೆ ಅಂಟಿ ಎಳೆದಾಡುವ ಮಿಠಾಯಿ. ಬಣ್ಣ ಕಂದಿರುತ್ತದೆ, ಹಣ್ಣಿನ ಪರಿಮಳ ಆವಿಯ ಜೊತೆ ಹೋಗಿರುತ್ತದೆ, ಕೆಲವು ವಾರಗಳಲ್ಲಿ ಜಾಡಿಯ ಅಂಚಿನಲ್ಲಿ ಸಕ್ಕರೆ ಹರಳುಗಟ್ಟಲು ತೊಡಗುತ್ತದೆ. ಮೈಸೂರಿನಲ್ಲಿ 1950ರಿಂದಲೂ ಆಹಾರ ತಂತ್ರಜ್ಞಾನದ ಸಂಶೋಧನಾಲಯವನ್ನೇ ಇಟ್ಟುಕೊಂಡಿರುವ, ಘಟ್ಟದ ಮೇಲಿನ ಊರುಗಳೇ ಹೆಚ್ಚಿರುವ ಈ ರಾಜ್ಯದಲ್ಲಿ ಇಂಥ ಉಪಕರಣ ಮಾರುವವರು ಈ ಒಂದು ವಾಕ್ಯವನ್ನು ಕನ್ನಡದಲ್ಲಿ ಅಚ್ಚುಹಾಕಿ ಒಳಗಿಟ್ಟರೆ ಅವರಿಗೇನೂ ಹೆಚ್ಚು ಖರ್ಚಾಗದು.

ಆದ್ದರಿಂದ ಕೊಂಡು ತಂದೊಡನೆ ಮಾಡಬೇಕಾದ ಕೆಲಸ ಪಾತ್ರೆಯಲ್ಲಿ ನೀರು ಕುದಿಸುವುದು. ನೀರು ಗುಳ್ಳೆಯೆದ್ದು ಚೆನ್ನಾಗಿ ಮಗುಚುವಾಗ ಕಡ್ಡಿಯ ತುದಿಯನ್ನು ತಳಕ್ಕೆ ತಾಗದಂತೆ ಎರಡು ಮೂರು ಸೆಂಟಿಮೀಟರ್ ಮುಳುಗಿಸಿ ಹಿಡಿದು, ಅಂಕಿ ನಿಂತ ಮೇಲೆ ಬರೆದಿಟ್ಟುಕೊಳ್ಳಬೇಕು. ಆ ಅಂಕಿಗೆ ನಾಲ್ಕೂವರೆ ಕೂಡಿಸಿದರೆ ನಿಮ್ಮ ಮನೆಯ, ನಿಮ್ಮ ಥರ್ಮಾಮೀಟರಿನ ಜಾಮ್ ಹದ ಸಿಕ್ಕಿತು. ಈ ವಿಧಾನದ ಅನುಕೂಲವೆಂದರೆ ಉಪಕರಣ ಒಂದು ಡಿಗ್ರಿ ಹೆಚ್ಚು ಕಡಿಮೆ ತೋರಿಸುತ್ತಿದ್ದರೂ ಆ ದೋಷ ಎರಡೂ ಕಡೆ ಒಂದೇ ಆಗಿರುವುದರಿಂದ ಲೆಕ್ಕದಲ್ಲಿ ಕಳೆದುಹೋಗುತ್ತದೆ. ನನ್ನದು ಕುದಿಯುವ ನೀರಿನಲ್ಲಿ 96.8 ತೋರಿಸಿತು, ಪುಡಿ ಮಾಡಿದ ಮಂಜುಗಡ್ಡೆ ತೇಲುವ ನೀರಿನಲ್ಲಿ 0.3, ಈ ಬೆಲೆಗೆ ಇದು ಅಚ್ಚುಕಟ್ಟಾದ ಕೆಲಸವೆಂದೇ ಹೇಳಬೇಕು.

ನಿಜವಾದ ಪರೀಕ್ಷೆ ನಡೆದದ್ದು ಕಿತ್ತಳೆ ಮಾರ್ಮಲೇಡಿನಲ್ಲಿ. ನವೆಂಬರಿನಿಂದ ಮಾರುಕಟ್ಟೆಗೆ ನಾಗಪುರದ ಕಿತ್ತಳೆ ಬರುತ್ತದೆ, ಅದೃಷ್ಟವಿದ್ದರೆ ಕೊಡಗಿನದೂ ಸಿಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೊಡಗಿನ ಕಿತ್ತಳೆಯ ಹುಳಿ ಸಿಹಿಯ ಸಮತೋಲ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ನಮ್ಮ ಈ ಸಡಿಲ ಸಿಪ್ಪೆಯ ಹಣ್ಣುಗಳಲ್ಲಿ, ಇಂಗ್ಲೆಂಡಿನವರು ಮಾರ್ಮಲೇಡಿಗೆ ಬಳಸುವ ಸ್ಪೇನಿನ ಕಹಿ ಕಿತ್ತಳೆಯಷ್ಟು ದಪ್ಪ ಬಿಳಿ ತಿರುಳಿರುವುದಿಲ್ಲ. ಅದನ್ನು ಸರಿದೂಗಿಸಲು ಎರಡು ಮೂರು ನಿಂಬೆಹಣ್ಣುಗಳ ಅಥವಾ ಸಿಕ್ಕಿದರೆ ಒಂದು ಹೇರಳೆಕಾಯಿಯ ಬಿಳಿ ಭಾಗವನ್ನೂ ಎಲ್ಲ ಹಣ್ಣುಗಳ ಬೀಜಗಳನ್ನೂ ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಹೆಚ್ಚಿದ ಸಿಪ್ಪೆಯ ಜೊತೆ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮರುದಿನ ಅದೇ ನೀರಿನಲ್ಲಿ ಬೇಯಿಸಬೇಕು. ಸಿಪ್ಪೆ ಎರಡು ಬೆರಳ ನಡುವೆ ಒತ್ತಿದರೆ ನುಣ್ಣಗಾಗುವಷ್ಟು ಬೆಂದ ಮೇಲೆಯೇ ಸಕ್ಕರೆ ಹಾಕಬೇಕು. ಸಕ್ಕರೆ ಬಿದ್ದ ನಂತರ ಅದು ಎಷ್ಟು ಕುದಿಸಿದರೂ ಮೆತ್ತಗಾಗದು. ಗಂಟನ್ನು ಆರಿಸಿ ಹಿಂಡಿದಾಗ ಬೆರಳುಗಳ ಸಂದಿಯಿಂದ ಲೋಳೆಯಂತೆ ಇಳಿಯುವ ದ್ರವವೇ ಪೆಕ್ಟಿನ್. ಅದು ಚೆನ್ನಾಗಿ ಇಳಿದರೆ ಅಂಗಡಿಯ ಪೆಕ್ಟಿನ್ ಪುಡಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ.

ಸಕ್ಕರೆ ಕರಗಿ ಉರಿ ಜೋರಾದ ಮೇಲೆ ಪರದೆಯ ಅಂಕಿ ನಡೆದುಕೊಳ್ಳುವ ರೀತಿಯನ್ನು ಒಮ್ಮೆ ನೋಡಬೇಕು. 98, 99ರ ನಡುವೆ ಬಹಳ ಹೊತ್ತು ಕದಲದೆ ನಿಂತು, ಬ್ಯಾಟರಿ ಹೋಯಿತೇನೋ ಎಂಬ ಅನುಮಾನ ಬರಿಸುತ್ತದೆ. ಈ ಹಂತದಲ್ಲಿ ಮೇಲೆ ಬಿಳಿ ನೊರೆ, ಗುಳ್ಳೆಗಳು ಸಣ್ಣವು, ಸದ್ದು ನೀರು ಕುದಿಯುವಂಥದ್ದೇ. 100 ದಾಟಿದ ಮೇಲೆ ನೊರೆ ತಾನಾಗಿ ಒಳಗಿಳಿದು, ಗುಳ್ಳೆಗಳು ದೊಡ್ಡವಾಗಿ, ನಿಧಾನವಾಗಿ, ಹೊಳಪಿನೊಂದಿಗೆ ಒಡೆಯತೊಡಗುತ್ತವೆ. ಸದ್ದು ಬೊಳಕ್ ಬೊಳಕ್ ಎಂದು ದಪ್ಪವಾಗುತ್ತದೆ. ಇಲ್ಲಿಂದ ಮುಂದೆ ಅಂಕಿ ಓಡುತ್ತದೆ. ಕಡಿಮೆಯಾಗಿ ಉಳಿದಿರುವ ನೀರಿನಲ್ಲಿ ಇನ್ನೊಂದಿಷ್ಟು ಆವಿಯಾದರೂ ಸಕ್ಕರೆಯ ಪಾಲು ಒಮ್ಮೆಲೆ ಏರುವುದರಿಂದ, ಕೊನೆಯ ಒಂದೂವರೆ ಡಿಗ್ರಿ ಮೊದಲಿನ ಒಂದು ಡಿಗ್ರಿಗಿಂತ ಎಷ್ಟೋ ಬೇಗ ಬಂದುಬಿಡುತ್ತದೆ. ಥರ್ಮಾಮೀಟರ್ ಎಷ್ಟು ಬೇಗ ಓದುತ್ತದೆ ಎಂಬುದು ಮುಖ್ಯವಾಗುವುದು ಇಲ್ಲಿಯೇ. ನಾಲ್ಕೈದು ಸೆಕೆಂಡಿನಲ್ಲಿ ಅಂಕಿ ನಿಲ್ಲಿಸುವಂಥದ್ದಾದರೆ ಸರಿ. ಅಗ್ಗದ ಕೆಲವು ಕಡ್ಡಿಗಳು ತೆಗೆದುಕೊಳ್ಳುವ ಹದಿನೈದು ಸೆಕೆಂಡು, ಆವಿಯ ಮೇಲೆ ಕೈ ಚಾಚಿ ನಿಂತವರಿಗೆ ಬಹಳ ದೀರ್ಘ.

101.5ಕ್ಕೆ ಒಲೆ ಆರಿಸಿ, ಫ್ರೀಜರಿನಲ್ಲಿಟ್ಟಿದ್ದ ತಟ್ಟೆಯ ಮೇಲೆ ಒಂದು ಚಮಚ ಬಿಟ್ಟು ಬೆರಳಿನಿಂದ ದೂಡಿದರೆ ಮೇಲ್ಪದರ ಸಣ್ಣಗೆ ಸುಕ್ಕಾಗಬೇಕು. ಥರ್ಮಾಮೀಟರ್ ಬಂದಿತೆಂದು ಈ ತಟ್ಟೆಯ ಪರೀಕ್ಷೆಯನ್ನು ಬಿಡಬಾರದು. ಉಷ್ಣತೆ ಹೇಳುವುದು ಸಕ್ಕರೆ ಸಾಕೆಂದು ಮಾತ್ರ. ಪೆಕ್ಟಿನ್ನೂ ಹುಳಿಯೂ ಸಾಕೇ ಎಂಬುದನ್ನು ತಟ್ಟೆಯೇ ಹೇಳಬೇಕು. ಅಂಕಿ ಸರಿಯಾಗಿದ್ದೂ ಸುಕ್ಕು ಬಾರದಿದ್ದರೆ ಇನ್ನಷ್ಟು ಕುದಿಸುವುದು ಪರಿಹಾರವಲ್ಲ, ನಿಂಬೆರಸ ಹಿಂಡುವುದು ಪರಿಹಾರ. ಅನಾನಸ್ಸಿನಲ್ಲಿ ಇದು ಎದ್ದು ಕಾಣುತ್ತದೆ. ಬನವಾಸಿ ಕಡೆಯ ಹಣ್ಣಿನಿಂದ ಮಾಡಿದ ಮುರಬ್ಬ 101.5 ತಲುಪಿದರೂ ತಟ್ಟೆಯ ಮೇಲೆ ಹರಿಯುತ್ತಲೇ ಇರುತ್ತದೆ. ಒಂದು ಕಿಲೋ ಅನಾನಸ್ಸಿಗೆ ಸಿಪ್ಪೆ ಸಮೇತ ತುರಿದ ಒಂದು ಹುಳಿ ಸೇಬನ್ನೂ ಎರಡು ನಿಂಬೆಯ ರಸವನ್ನೂ ಮೊದಲೇ ಸೇರಿಸಿಬಿಟ್ಟರೆ, ಸಕ್ಕರೆ 700 ಗ್ರಾಂ ಸಾಕಾಗುತ್ತದೆ, ಬಿಸ್ಕತ್ತಿನ ಗುಳಿಯಲ್ಲಿ ಅಲುಗಾಡದೆ ಕೂರುವ ಜಾಮೂ ಸಿಗುತ್ತದೆ.

ಈ ಉಪಕರಣ ಸಂಪೂರ್ಣ ಸೋಲುವ ಜಾಗವೊಂದಿದೆ, ಅದು ಸೀಬೆಹಣ್ಣಿನ ಪೆರಾದ್. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಹಂಚುವ ಕುಸ್ವಾರದ ತಟ್ಟೆಯಲ್ಲಿ ಕೆಂಪಗೆ ಚೌಕಾಕಾರವಾಗಿ ಕೂರುವ ಇದನ್ನು ಸಣ್ಣಗೆ ಹೆಚ್ಚಿ ಹಣ್ಣಿನ ಕೇಕಿಗೂ ಹಾಕಬಹುದು. ಟೂಟಿಫ್ರೂಟಿ ಎಂದು ಮಾರುವ ಬಣ್ಣದ ಪರಂಗಿಕಾಯಿ ಚೂರುಗಳಿಗಿಂತ ಇದರ ರುಚಿ ಎಷ್ಟೋ ಮೇಲು. ಆದರೆ ಸೋಸಿದ ಸೀಬೆಯ ತಿರುಳು ದಪ್ಪ. ಒಂದು ಕಡೆ 95, ಒಂದು ಬೆರಳಿನಾಚೆ 103 ತೋರಿಸುತ್ತದೆ; ತಳದಲ್ಲಿ ಸಿಕ್ಕಿಕೊಂಡ ಆವಿ ಸಿಡಿದು ಮುಂಗೈಗೆ ಹಾರುತ್ತದೆ. ಅಲ್ಲಿ ಥರ್ಮಾಮೀಟರನ್ನು ಮಡಚಿಟ್ಟು, ಉದ್ದ ಹಿಡಿಯ ಮರದ ಸೌಟಿನಲ್ಲಿ ಕೈಯಾಡಿಸುತ್ತ, ಮುದ್ದೆ ತಳ ಬಿಟ್ಟು ಒಟ್ಟಾಗಿ ಉರುಳುವವರೆಗೆ ಕಾಯುವುದೇ ದಾರಿ. ಹಲ್ವ ಮಾಡಿ ಗೊತ್ತಿರುವವರಿಗೆ ಆ ಹದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ, ಕೈಪಿಡಿಯ ಒಂದು ಅಂಕಿಯನ್ನು ಯಾವ ಊರಿನಲ್ಲೂ ಬದಲಿಸದೆ ನಂಬಬಹುದು. ಪ್ಲಮ್ ಕೇಕಿನ ಕಪ್ಪು ಬಣ್ಣಕ್ಕೆ ಸಕ್ಕರೆ ಸುಡುವಾಗ 170 ಡಿಗ್ರಿ ಎಂದಿದ್ದರೆ ಅದು ಮಂಗಳೂರಿನಲ್ಲೂ ಮಡಿಕೇರಿಯಲ್ಲೂ 170 ಡಿಗ್ರಿಯೇ. ಆ ಹಂತದಲ್ಲಿ ನೀರು ಪೂರ್ತಿ ಹೋಗಿ ಸಕ್ಕರೆಯೇ ಒಡೆದು ಕಂದುತ್ತಿರುತ್ತದೆ, ಗಾಳಿಯ ಒತ್ತಡಕ್ಕೂ ಅದಕ್ಕೂ ಸಂಬಂಧವಿಲ್ಲ. ಕಪ್ಪಾಗುವ ಮೊದಲು ಒಲೆ ಆರಿಸಲು ಈ ಕಡ್ಡಿ ನಿಜಕ್ಕೂ ಸಹಾಯ ಮಾಡುತ್ತದೆ. ಏಕೆಂದರೆ ಸ್ಟೀಲ್ ಬಾಣಲೆಯಲ್ಲಿ ಕಣ್ಣಿಗೆ ಕಾಣುವ ಬಣ್ಣ ಯಾವಾಗಲೂ ನಿಜದ ಬಣ್ಣಕ್ಕಿಂತ ಒಂದು ಹೆಜ್ಜೆ ಹಿಂದಿರುತ್ತದೆ. ಕೇಕ್ ಬೆಂದಿತೇ ಎಂದು ನೋಡಲು ಮಾತ್ರ ಇದನ್ನು ಚುಚ್ಚುವ ಅಗತ್ಯ ನನಗೆ ಕಂಡಿಲ್ಲ, ಬರೀ ಮರದ ಕಡ್ಡಿಯೊಂದೇ ಸಾಕು.

ದೋಷಗಳ ವಿಷಯಕ್ಕೆ ಬಂದರೆ, ಮೊದಲನೆಯದು ಪಾತ್ರೆಯ ಅಂಚಿಗೆ ಸಿಕ್ಕಿಸುವ ಕ್ಲಿಪ್ ಇಲ್ಲದಿರುವುದು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಥರ್ಮಾಮೀಟರ್ ಹಿಡಿದು ನಿಲ್ಲಬೇಕಾಗುತ್ತದೆ. ಹಿಡಿಯ ಪ್ಲಾಸ್ಟಿಕ್ ಆವಿಗೆ ಬೆವರಿ ಪರದೆ ಮಸುಕಾಗುತ್ತದೆ, ಮತ್ತು ಇದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವಂತಿಲ್ಲ. ಕಡ್ಡಿ ಹಿಡಿಯೊಳಗೆ ಮಡಚಿಕೊಳ್ಳುವ ಸಂದಿಯಲ್ಲಿ ಜಾಮ್ ಸೇರಿದರೆ ಇರುವೆಗಳು ಬರುವುದು ಖಚಿತ; ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಆಗಿಂದಾಗಲೇ ಒರೆಸಬೇಕು. ಹತ್ತು ನಿಮಿಷಕ್ಕೆ ತಾನಾಗಿ ಆರುವ ವ್ಯವಸ್ಥೆ ಬ್ಯಾಟರಿಗೆ ಒಳ್ಳೆಯದಾದರೂ, ಸರಿಯಾಗಿ ಅಂಕಿ ಓಡುವ ಹೊತ್ತಿಗೇ ಪರದೆ ಆರಿ ಕೈ ಕೊಡುವುದುಂಟು.

ಇದರ ಬದಲಿಗೆ ಬೇರೇನು ಕೊಳ್ಳಬಹುದು ಎಂಬ ಬಗ್ಗೆ ಎರಡು ಮಾತು. ಬಂದೂಕಿನಂತೆ ಗುರಿಯಿಟ್ಟು ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರ್ ಈ ಕೆಲಸಕ್ಕೆ ಬಾರದು. ಅದು ಓದುವುದು ಮೇಲ್ಪದರವನ್ನು, ಜಾಮಿನ ಮೇಲ್ಪದರವೋ ನೊರೆ ಮತ್ತು ಆವಿ. ಕ್ಲಿಪ್ ಇರುವ ಮುಳ್ಳಿನ ಥರ್ಮಾಮೀಟರ್ ಕೈಯನ್ನು ಬಿಡುವು ಮಾಡಿಕೊಡುತ್ತದೆ, ಆದರೆ ಎರಡೆರಡು ಡಿಗ್ರಿಗೆ ಗೆರೆಯಿರುವ ಮುಖದಲ್ಲಿ ಅರ್ಧ ಡಿಗ್ರಿಯನ್ನು ಅಂದಾಜಿಸುವುದು ಕಷ್ಟ. ಪ್ರತಿ ವಾರ ಜಾಮ್ ಮಾಡಿ ಮಾರುವವರಾದರೆ ರಿಫ್ರಾಕ್ಟೋಮೀಟರ್ ಕೊಳ್ಳುವುದು ಜಾಣತನ. ಜೇನು ಕೃಷಿಕರು ತುಪ್ಪದ ನೀರಿನಂಶ ನೋಡಲು ಬಳಸುವ, ಶೇ. 58ರಿಂದ 90ರವರೆಗೆ ತೋರಿಸುವ ದುರ್ಬೀನಿನಂಥ ಆ ಉಪಕರಣದ ಗಾಜಿನ ಮೇಲೆ ಆರಿದ ಜಾಮಿನ ಒಂದು ಹನಿ ಸವರಿ ಬೆಳಕಿಗೆ ಹಿಡಿದರೆ ಸಕ್ಕರೆಯ ಪ್ರಮಾಣ ನೇರವಾಗಿ ಕಾಣುತ್ತದೆ. ಊರಿನ ಎತ್ತರದ ಲೆಕ್ಕ ಬೇಕಿಲ್ಲ. ವರ್ಷಕ್ಕೊಮ್ಮೆ ಎರಡು ಮೂರು ಕಿಲೋ ಹಣ್ಣು ಮಾಡುವವರಿಗೆ ಅದು ಅತಿಯಾಯಿತು.

ಜಾಡಿಗಳಿಗೂ ಈ ಥರ್ಮಾಮೀಟರ್ ಉಪಯೋಗಕ್ಕೆ ಬರುತ್ತದೆ. ಕುದಿಯುವ ನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿ ತೆಗೆದ ಬಿಸಿ ಗಾಜಿನ ಜಾಡಿಗೆ, ಜಾಮ್ 85 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ತುಂಬಿ ಮುಚ್ಚಳ ಬಿಗಿಯಬೇಕು. ಮಾರ್ಮಲೇಡನ್ನು ಒಲೆಯಿಂದ ಇಳಿಸಿದೊಡನೆ ತುಂಬಿದರೆ ಸಿಪ್ಪೆಗಳೆಲ್ಲ ಮೇಲಕ್ಕೆ ತೇಲಿ ನಿಲ್ಲುತ್ತವೆ. 88ರ ಹತ್ತಿರ ಬರುವವರೆಗೆ ಕಾದು, ಒಮ್ಮೆ ಕೈಯಾಡಿಸಿ ತುಂಬಿದರೆ ಎಲ್ಲ ಕಡೆಯೂ ಸಮವಾಗಿ ಹರಡಿಕೊಳ್ಳುತ್ತವೆ. ಉಪ್ಪಿನಕಾಯಿ ಇದ್ದ ಬಾಟಲಿಯ ಗಾಜನ್ನು ಮತ್ತೆ ಬಳಸಬಹುದು, ಮುಚ್ಚಳವನ್ನಲ್ಲ. ಅದರೊಳಗಿನ ಮೆತ್ತನೆಯ ಪದರ ಹೀರಿಕೊಂಡ ಇಂಗು, ಸಾಸಿವೆಯ ವಾಸನೆ ಕಿತ್ತಳೆಗೆ ಹತ್ತುತ್ತದೆ. ಹೊಸ ಮುಚ್ಚಳಗಳು ಜಾಡಿ ಮಾರುವ ಅಂಗಡಿಗಳಲ್ಲಿ ಬಿಡಿಯಾಗಿಯೂ ಸಿಗುತ್ತವೆ, ಬಾಯಿಯ ಅಳತೆಯನ್ನು ಮಾತ್ರ ಬರೆದುಕೊಂಡು ಹೋಗಬೇಕು.

ಥರ್ಮಾಮೀಟರ್ ಕೊಳ್ಳುವಾಗ ಪೆಟ್ಟಿಗೆಯನ್ನು ಅಂಗಡಿಯಲ್ಲೇ ತೆರೆಸಿ, ಬ್ಯಾಟರಿಯ ಮುಚ್ಚಳ ನಾಣ್ಯದಿಂದ ತಿರುಗಿಸಿ ತೆಗೆಯುವಂಥದ್ದೇ ಎಂದು ನೋಡಿಕೊಳ್ಳಿ. ಜಾರಿಸಿ ತೆಗೆಯುವ ತೆಳು ಮುಚ್ಚಳಗಳು ಮೊದಲ ಬ್ಯಾಟರಿ ಬದಲಿಸುವಾಗಲೇ ಮುರಿಯುತ್ತವೆ. ಸೆಲ್ಸಿಯಸ್ ಫ್ಯಾರನ್‌ಹೀಟ್ ಬದಲಿಸುವ ಗುಂಡಿ ಹಿಡಿಯ ಹಿಂಬದಿಯಲ್ಲಿ, ಬೆರಳು ತಾನಾಗಿ ಒತ್ತದ ಜಾಗದಲ್ಲಿರಬೇಕು. ಜನವರಿಯಲ್ಲಿ ಬೇಕಿಂಗ್ ಮುಗಿದ ಮೇಲೆ ಬ್ಯಾಟರಿ ತೆಗೆದಿಟ್ಟು, ಮುಂದಿನ ಅಕ್ಟೋಬರಿನಲ್ಲಿ ಮತ್ತೊಮ್ಮೆ ನೀರು ಕುದಿಸಿ ಅಂಕಿ ಹಳೆಯದೇ ಬರುತ್ತಿದೆಯೇ ಎಂದು ನೋಡಿದ ಮೇಲೆ ಹಣ್ಣು ತರಲು ಹೊರಡಿ.